ಓದುಗರ ಪ್ರಶ್ನೆ: ಜರ್ಮನಿಯಲ್ಲಿಯೂ ಓದು ಬಾರದವರಿದ್ದಾರೆಯೇ?

ಪ್ರಶ್ನೆ: ನಮ್ಮ ಊರಿನಲ್ಲಿ ಸಂಜೆ ಹೊತ್ತು ವಯಸ್ಕ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಜರ್ಮನಿಯಂತಹ ಶ್ರೀಮಂತ ದೇಶದಲ್ಲಿಯೂ ಲಕ್ಷಾಂತರ ಮಂದಿಗೆ ಸರಿಯಾಗಿ ಓದಲು ಬರುವುದಿಲ್ಲವೆಂದು ಕೇಳಿದ ಒಬ್ಬರು, “ಅಲ್ಲೇ ಹಂಗಂದ್ಮೇಲೆ ನಮಗ್ಯಾಕವ್ವ ಈ ವಯಸ್ಸಲ್ಲಿ?” ಎಂದರು. ಇದು ನಿಜವೇ? ಅವರಿಗೆ ಏನು ಹೇಳಲಿ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ನೀವು ಕೇಳಿದ್ದು ನಿಜ. ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 2018ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಜರ್ಮನ್ ಮಾತನಾಡಬಲ್ಲ 18ರಿಂದ 64 ವರ್ಷದವರಲ್ಲಿ ಸುಮಾರು 62 ಲಕ್ಷ ಮಂದಿ, ಅಂದರೆ ಶೇ 12.1ರಷ್ಟು ಜನ, ಹೆಚ್ಚೆಂದರೆ ಬಿಡಿ ವಾಕ್ಯಗಳನ್ನು ಓದಿಯಾರೇ ಹೊರತು ಒಂದು ಚಿಕ್ಕ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಅರ್ಥ ಮಾಡಿಕೊಳ್ಳಲಾರರು. ಇವರೆಲ್ಲ ಹೊರಗಿನಿಂದ ಬಂದವರು ಎನ್ನುವಂತಿಲ್ಲ. ಅರ್ಧಕ್ಕಿಂತ ಹೆಚ್ಚಿನವರಿಗೆ ಜರ್ಮನ್ ಭಾಷೆಯೇ ಮನೆಮಾತು. ಮುಕ್ಕಾಲು ಪಾಲಿನವರ ಕೈಯಲ್ಲಿ ಶಾಲೆ ಮುಗಿಸಿದ ಪ್ರಮಾಣಪತ್ರವಿದೆ, ಶೇ 62ರಷ್ಟು ಮಂದಿ ದುಡಿಯುತ್ತಲೂ ಇದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಈ ಪ್ರಮಾಣಪತ್ರದ ಸಂಗತಿಯೇ. ತರಗತಿಯಿಂದ ತರಗತಿಗೆ ದಾಟಿಸುತ್ತ ಹೋದ ಮಗುವಿಗೆ ಓದು ದಕ್ಕಿದೆಯೋ ಇಲ್ಲವೋ ಎಂದು ಯಾರೂ ನಿಂತು ನೋಡದಿದ್ದರೆ, ಮುಂದೆ ಆ ಕೊರತೆಯನ್ನು ನಾಚಿಕೆಯೇ ಮುಚ್ಚಿಡುತ್ತದೆ. ಕನ್ನಡಕ ಮರೆತು ಬಂದೆ, ಸ್ವಲ್ಪ ಓದಿ ಹೇಳಿ ಎಂಬ ಮಾತು ಅಲ್ಲಿಯೂ ಇದೆ, ನಮ್ಮ ಬ್ಯಾಂಕುಗಳ ಮುಂದೆಯೂ ಇದೆ.

ಆದರೆ ಅಳತೆಗೋಲು ಬೇರೆ ಎಂಬುದನ್ನು ಆ ತಾಯಿಗೆ ತಿಳಿಸಿ. ಜರ್ಮನಿಯ ಸಮೀಕ್ಷೆಯಲ್ಲಿ ಜನರ ಮುಂದೆ ಬರಹವಿಟ್ಟು ಓದಿಸಿ ನೋಡಿದರು. ಬಿಡಿ ಅಕ್ಷರಗಳ ಆಚೆಗೆ ಹೋಗಲಾರದವರು ಅಲ್ಲಿ ಶೇ 0.6 ಮಾತ್ರ. ನಮ್ಮ ಜನಗಣತಿಯಲ್ಲಿಯಾದರೋ ಮನೆಯವರು ಕೊಟ್ಟ ಉತ್ತರವನ್ನೇ ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಂಡರೂ 2011ರಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ 70.40 ಇತ್ತು. ಅವರಂತೆಯೇ ಓದಿಸಿ ನೋಡಿದರೆ ನಮ್ಮ ಅಂಕಿ ಇನ್ನಷ್ಟು ಇಳಿಯುತ್ತದೆಂದೇ ನನ್ನ ಅಂದಾಜು, ಏಕೆಂದರೆ ಹೆಬ್ಬೆಟ್ಟು ಬಿಟ್ಟು ರುಜು ಹಾಕಲು ಕಲಿತವರನ್ನೂ ಮನೆಯವರು ಅಕ್ಷರಸ್ಥರೆಂದೇ ಹೇಳಿರಬಹುದು.

ಆದ್ದರಿಂದ ನಿಮ್ಮ ತರಗತಿಯನ್ನು ರುಜುವಿಗೆ ನಿಲ್ಲಿಸಬೇಡಿ. ಕಬ್ಬಿನ ತೂಕದ ಚೀಟಿ, ಪಹಣಿ, ಸಂಘದ ಸಾಲದ ಪುಸ್ತಕ, ಮಾತ್ರೆಯ ಪೊಟ್ಟಣ, ಹೀಗೆ ಮನೆಯಲ್ಲಿ ಯಾವುದಿದ್ದರೆ ಅದನ್ನು ತರಲು ಹೇಳಿ, ಅದರಿಂದಲೇ ಪಾಠ ಮಾಡಿ. ಪ್ರಶ್ನೆ ಕೇಳಿದ ಆ ತಾಯಿಯ ಪಹಣಿಯಿಂದಲೇ ಆರಂಭಿಸಬಹುದು. ಅದರಲ್ಲಿ ತಮ್ಮ ಹೆಸರು ಇದೆಯೇ ಎಂಬುದನ್ನು ಅವರೇ ಹುಡುಕಲಿ.