ಬಿನ್‌ಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಹಾಕಿ ಅಂತಿದ್ದಾರೆ, ಬಾರ್‌ಕೋಡ್ ಸಾಲದಾ?

ಕೊಪ್ಪಳದ ಹತ್ತಿರ ಸಣ್ಣ ಫೌಂಡ್ರಿ (ಎರಕದ ಕಾರ್ಖಾನೆ), ಟ್ರ್ಯಾಕ್ಟರ್ ಎಂಜಿನ್‌ಗೆ ಕಾಸ್ಟಿಂಗ್, ಅಂದರೆ ಎರಕದ ಬಿಡಿಭಾಗ ಕಳಿಸುತ್ತೀರಿ, ಈಗ ಗಿರಾಕಿ ಕಂಪನಿಯವರು ಮಾಲು ತುಂಬುವ ಕಬ್ಬಿಣದ ಪೆಟ್ಟಿಗೆಗಳಿಗೆ (ಬಿನ್) ರೇಡಿಯೋ ತರಂಗದಿಂದ ಓದುವ ಆರ್‌ಎಫ್‌ಐಡಿ ಟ್ಯಾಗ್ ಕೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ಗಿಣಿಗೇರಾ ಕಡೆ ಇಂಥದ್ದೇ ಒಂದು ಕಡೆ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಕಳಿಸಿದ ಬಿನ್ ಎಣಿಸಿದಷ್ಟೇ ವಾಪಸ್ ಬರುತ್ತಿದ್ದರೆ ಬಾರ್‌ಕೋಡ್ ಧಾರಾಳ ಸಾಕು. ಬರುತ್ತಿಲ್ಲ, ಯಾರ ಅಂಗಳದಲ್ಲಿ ಬಿದ್ದಿವೆಯೋ ಗೊತ್ತಿಲ್ಲ ಅನ್ನೋದಾದರೆ ಟ್ಯಾಗ್ ಹಾಕಿದ ದುಡ್ಡು ಹುಟ್ಟುತ್ತದೆ.

ಬಾರ್‌ಕೋಡ್ ಆದರೆ ಒಂದೊಂದನ್ನೇ ಎದುರಿಗೆ ಹಿಡಿದು ಓದಿಸಬೇಕು. ಎಣ್ಣೆ, ಕಪ್ಪು ಧೂಳು ಮೆತ್ತಿದರೆ ಅದೂ ಇಲ್ಲ. ಟ್ಯಾಗ್ ಆದರೆ ಫೋರ್ಕ್‌ಲಿಫ್ಟ್ ಗೇಟ್ ದಾಟುವಾಗ ಪೇರಿಸಿದ ಬಿನ್‌ಗಳನ್ನೆಲ್ಲ ರೀಡರ್ ಒಟ್ಟಿಗೇ ಓದುತ್ತದೆ. ಲಾರಿ ಗಾಜಿನ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ಒಳಗೆ ಬ್ಯಾಟರಿ ಇರಲ್ಲ, ರೀಡರ್ ಕಳಿಸುವ ತರಂಗದಿಂದಲೇ ಅದಕ್ಕೆ ಕರೆಂಟು.

ಆದರೆ ಫಾಸ್ಟ್ಯಾಗ್ ಇರುವುದು ಗಾಜಿನ ಮೇಲೆ, ನಮ್ಮದು ಕಬ್ಬಿಣದ ಬಿನ್. ಅಗ್ಗದ ಸ್ಟಿಕ್ಕರ್ ಟ್ಯಾಗನ್ನು ನೇರ ಕಬ್ಬಿಣಕ್ಕೆ ಅಂಟಿಸಿದರೆ ರೀಡರ್ ಮೂಗಿನ ಹತ್ತಿರ ಹಿಡಿದರೂ ಓದುವುದು ಕಷ್ಟ. ಲೋಹಕ್ಕೆ ಅಂತಲೇ ಮಾಡಿದ ಟ್ಯಾಗ್ ಬರುತ್ತದೆ, ಆಂಟೆನಾಕ್ಕೂ ಕಬ್ಬಿಣಕ್ಕೂ ನಡುವೆ ಸ್ವಲ್ಪ ಅಂತರ ಬಿಟ್ಟಿರುತ್ತಾರೆ. ರೇಟು ಜಾಸ್ತಿ, ಆದರೂ ಅದನ್ನೇ ತಗೊಳ್ಳಿ. ಬಿನ್ ಹೊರಬದಿಯ ಪಟ್ಟಿಯ ತಗ್ಗಿನ ಮೂಲೆಗೆ ರಿವೆಟ್ ಹೊಡೆಸಿ. ಉಬ್ಬಿದ ಜಾಗಕ್ಕೆ ಹಾಕಿದರೆ ಫೋರ್ಕ್‌ಲಿಫ್ಟ್ ಮುಳ್ಳು ತಾಗಿ ಕಿತ್ತುಕೊಂಡು ಹೋಗುತ್ತದೆ. ರೀಡರ್ 865 ಮೆಗಾಹರ್ಟ್ಸ್ ಆಸುಪಾಸಿನದೇ ಇರಲಿ. ಅಮೆರಿಕದ 902–928 ನಮ್ಮಲ್ಲಿ ನಡೆಯಲ್ಲ.

ಕಾಸ್ಟಿಂಗ್ ಮೇಲೆಯೇ ಟ್ಯಾಗ್ ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಶಾಟ್ ಬ್ಲಾಸ್ಟಿಂಗ್‌ನಲ್ಲಿ, ಅಂದರೆ ಸಣ್ಣ ಗುಂಡುಗಳನ್ನು ಜೋರಾಗಿ ಹೊಡೆದು ಮೈ ಶುಚಿ ಮಾಡುವಾಗ, ಅದು ಉಳಿಯುತ್ತದಾ?

ಇನ್ನೊಂದು, ಟ್ಯಾಗ್ ಹೇಳುವುದು ಬಿನ್ ನಂಬರ್ ಮಾತ್ರ. ಒಳಗೆ ಯಾವ ಹೀಟ್ ನಂಬರಿನ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ನಂಬರು) ಮಾಲು ಇದೆ ಅನ್ನುವುದನ್ನು ಫೆಟ್ಲಿಂಗ್, ಅಂದರೆ ಹೆಚ್ಚುವರಿ ಲೋಹ ಕಡಿದು ನಯ ಮಾಡುವ ಕೆಲಸ, ಮುಗಿದ ಜಾಗದಲ್ಲಿ ನಿಮ್ಮ ಹುಡುಗರೇ ಕಂಪ್ಯೂಟರಿಗೆ ಹಾಕಬೇಕು. ನಾಳೆ ಒಂದು ಹೀಟ್‌ನಲ್ಲಿ ಬ್ಲೋ ಹೋಲ್ (ಎರಕದಲ್ಲಿ ಅನಿಲ ಸಿಕ್ಕಿ ಉಳಿದ ತೂತು) ಸಿಕ್ಕಿತು ಅಂದುಕೊಳ್ಳಿ. ಬಿನ್ ನಂಬರಿಗೂ ಹೀಟ್ ನಂಬರಿಗೂ ಜೋಡಣೆ ಸರಿ ಇದ್ದರೆ ಅಷ್ಟೇ ಬಿನ್ ವಾಪಸ್ ಬರುತ್ತವೆ. ಇಲ್ಲದಿದ್ದರೆ ಇಡೀ ಲಾರಿ. ಮಾರುವವರು ಈ ಭಾಗದ ಮಾತೇ ಎತ್ತಲ್ಲ, ಸುಮ್ನೆ ಗೇಟ್ ತೋರಿಸಿ ಹೋಗುತ್ತಾರೆ.

ಗೇಟಿನ ಪಕ್ಕ ಖಾಲಿ ಬಿನ್ ಪೇರಿಸಬೇಡಿ, ಅವೂ ಲೆಕ್ಕಕ್ಕೆ ಬರುತ್ತವೆ. ರೀಡರ್ ಪವರ್ ಇಳಿಸಿ ನೋಡಿ. ಆಮೇಲೆ, ಬಿನ್ ಗಿರಾಕಿಯದೇ ಆಗಿದ್ದರೆ ಟ್ಯಾಗ್ ಖರ್ಚು ಅವರೇ ಕೊಡಲಿ ಅಂತ ಆರ್ಡರಿನಲ್ಲೇ ಬರೆಸಿಕೊಳ್ಳಿ.