ಪೈಥಾನ್ ಕೋಡ್‌ನಿಂದ ಜಿಫ್ ಸೈಜ್ ಇಳಿಸಲು ಹೋದರೆ ಇನ್ನೂ ದೊಡ್ಡದಾಗುತ್ತಿದೆ. ಕ್ವಾಲಿಟಿ ಎಷ್ಟಕ್ಕೆ ಇಡಬೇಕು?

ನಿಮ್ಮ ಕೋಡ್‌ನಲ್ಲಿ ಇರುವುದು ಪಿಲ್ಲೋ (ಪೈಥಾನ್‌ನಲ್ಲಿ ಚಿತ್ರದ ಕೆಲಸಕ್ಕೆ ಬಳಸುವ ಲೈಬ್ರರಿ), 128 ಬಣ್ಣ, ಎಲ್ಲ ಫ್ರೇಮಿಗೂ ಒಂದೇ ಪ್ಯಾಲೆಟ್ (ಬಣ್ಣದ ಪಟ್ಟಿ), ಕೊನೆಗೆ ಕ್ವಾಲಿಟಿ 50. ನಿಮ್ಮ ಪ್ರಶ್ನೆ ಓದುತ್ತಾ ನನಗೆ ನಗು ಬಂತು. ಇದೇ ಕೋಡನ್ನು ನಾನೂ ಬರೆದಿದ್ದೆ.

ಆಗ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿದ್ದೆ. ಸ್ಕ್ರೀನ್ ರೆಕಾರ್ಡ್ ಮಾಡಿ, ಜಿಫ್ ಮಾಡಿ, ಹೆಲ್ಪ್ ಪೇಜಿಗೆ ಹಾಕುವುದು ನನ್ನ ಕೆಲಸ. ಬಿಲ್ ಹಾಕುವುದು ಹೇಗೆ ಅಂತ ತೋರಿಸುವ ಜಿಫ್ 24 ಸೆಕೆಂಡಿನದು. ಸೆಕೆಂಡಿಗೆ 15ರಂತೆ 360 ಫ್ರೇಮ್, ಅಗಲ 1280, ಎತ್ತರ 720. ಫೈಲು 6 ಎಂಬಿ. ಜಾಸ್ತಿಯಾಯ್ತು, ಇಳಿಸು ಅಂದರು.

ಒಳಗೆ ನೋಡಿದರೆ ಪ್ರತಿ ಫ್ರೇಮೂ ತನ್ನದೇ ಬಣ್ಣದ ಪಟ್ಟಿ ಹೊತ್ತುಕೊಂಡಿತ್ತು. ಒಂದು ಬಣ್ಣಕ್ಕೆ 3 ಬೈಟ್, 256 ಬಣ್ಣಕ್ಕೆ 768 ಬೈಟ್. 360 ಫ್ರೇಮಿಗೆ ಹತ್ತಿರ ಹತ್ತಿರ 270 ಕೆಬಿ. ಸುಮ್ನೆ ದಂಡ ಅಲ್ವಾ? ಒಂದೇ ಪ್ಯಾಲೆಟ್ ಮಾಡಿ, ಎಲ್ಲ ಫ್ರೇಮುಗಳನ್ನೂ ಅದರ ಮೇಲೆ ಕ್ವಾಂಟೈಸ್ ಮಾಡಿದೆ, ಅಂದರೆ ಪ್ರತಿ ಪಿಕ್ಸೆಲ್‌ಗೂ ಆ ಪಟ್ಟಿಯ ಬಣ್ಣವನ್ನೇ ಕೊಟ್ಟೆ. ಶುಕ್ರವಾರ ಸಂಜೆ, ಸೈಜ್ ಕೂಡ ನೋಡದೆ ಅಪ್‌ಲೋಡ್ ಮಾಡಿ ಮನೆಗೆ ಹೋದೆ.

ಸೋಮವಾರ ರಾಣೆಬೆನ್ನೂರಿನ ಒಬ್ಬ ಅಂಗಡಿಯವರ ಫೋನ್. "ಸರ್, ಬಿಲ್ ಹೆಂಗ ಹಾಕೂದಂತ ನೋಡಾಕ ಹೋದ್ರ ಚಿತ್ರಾನ ಬರವಲ್ದು, ಇದ್ದ ಡೇಟಾ ಖಾಲಿ ಆತ್ ನೋಡ್ರಿ." ಫೈಲ್ ತೆಗೆದು ನೋಡಿದರೆ 31 ಎಂಬಿ. 270 ಕೆಬಿ ಉಳಿಸಲು ಹೋಗಿ 25 ಎಂಬಿ ಸೇರಿಸಿದ್ದೆ. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗೆ.

ತಪ್ಪು ಇದ್ದದ್ದು ಪ್ಯಾಲೆಟ್‌ನಲ್ಲಿ ಅಲ್ಲ. ಪಿಲ್ಲೋದಲ್ಲಿ ಕ್ವಾಂಟೈಸ್‌ಗೆ ನಾವೇ ಪ್ಯಾಲೆಟ್ ಕೊಟ್ಟರೆ ಅದು ಕೇಳದೆಯೇ ಡಿದರಿಂಗ್ ಮಾಡುತ್ತದೆ. ಫ್ಲಾಯ್ಡ್-ಸ್ಟೈನ್‌ಬರ್ಗ್ ಅನ್ನುವ ವಿಧಾನ. ಬೇಕಾದ ಬಣ್ಣ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ ಬಣ್ಣ ಇಟ್ಟು, ಉಳಿದ ವ್ಯತ್ಯಾಸವನ್ನು ಪಕ್ಕದವರ ತಲೆಗೆ ಕಟ್ಟುತ್ತದೆ. 16ರಲ್ಲಿ 7 ಭಾಗ ಬಲಕ್ಕೆ, ಉಳಿದ 9 ಭಾಗ ಕೆಳಗಿನ ಮೂರು ಪಿಕ್ಸೆಲ್‌ಗೆ. ಅವು ತಮ್ಮ ಪಾಲನ್ನು ಇನ್ನೂ ಮುಂದಕ್ಕೆ ದಾಟಿಸುತ್ತವೆ. ಫೋಟೋಗೆ ಇದು ಚೆಂದ. ನಮ್ಮ ಸ್ಕ್ರೀನಿನ ಬೂದು ಹಿನ್ನೆಲೆ ಮಾತ್ರ ರಂಗೋಲಿ ಪುಡಿ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಯಿತು.

ಜಿಫ್ ಬಳಸುವ ಎಲ್‌ಜೆಡ್‌ಡಬ್ಲ್ಯೂ ಕಂಪ್ರೆಷನ್ ಹಿಂದೆ ಬಂದ ಸಾಲು ಮತ್ತೆ ಬಂದರೆ ಮಾತ್ರ ಉಳಿಸುತ್ತದೆ. ಒಂದೇ ಬಣ್ಣದ ಉದ್ದ ಪಟ್ಟಿ ಅಂದರೆ ಅದಕ್ಕೆ ಹಬ್ಬ. ಚುಕ್ಕೆಗಳಲ್ಲಿ ಅದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಆದರೆ ನಿಜವಾದ ಹೊಡೆತ ಬಿದ್ದದ್ದು ಬೇರೆ ಕಡೆ. ಪಿಲ್ಲೋ ಹಿಂದಿನ ಫ್ರೇಮಿಗಿಂತ ಬದಲಾದ ಚೌಕವನ್ನಷ್ಟೇ ಕತ್ತರಿಸಿ ಬರೆಯುತ್ತದೆ. ಮೂಲ ರೆಕಾರ್ಡಿಂಗ್‌ನ ಎರಡು ಫ್ರೇಮಿನ ವ್ಯತ್ಯಾಸ ತೆಗೆದೆ. ಮೌಸಿನ ಬಾಣ ಸ್ವಲ್ಪ ಸರಿದಿತ್ತು, ಚೌಕ 34ಕ್ಕೆ 35 ಪಿಕ್ಸೆಲ್. ಡಿದರ್ ಆದ ಅದೇ ಎರಡು ಫ್ರೇಮ್ ನೋಡಿದರೆ 1280ಕ್ಕೆ 624! ಬಾಣದ ಹತ್ತಿರ ಹುಟ್ಟಿದ ವ್ಯತ್ಯಾಸ ಕೈದಾಟಿಸಿಕೊಂಡು ಸ್ಕ್ರೀನಿನ ತಳದವರೆಗೂ ಹೋಗಿತ್ತು. ಕಣ್ಣಿಗೆ ಏನೂ ಕಾಣದು. ಫೈಲಿಗೆ ಮಾತ್ರ ಪ್ರತಿ ಫ್ರೇಮೂ ಹೆಚ್ಚುಕಡಿಮೆ ಹೊಸ ಚಿತ್ರ.

ಇದು ತಿಳಿಯುವ ಮುಂಚೆ ಎರಡು ದಿನ ಬಣ್ಣ ಇಳಿಸುತ್ತಾ ಕೂತಿದ್ದೆ. 128, 64, 32. ಕೊನೆಗೆ ಕಂಪನಿಯ ಲೋಗೋ ಕೊಳೆ ಬಾಳೆಹಣ್ಣಿನ ಹಾಗೆ ಕಾಣಲು ಶುರುವಾಯಿತು, ಸೈಜ್ ಮಾತ್ರ ಮೂಲಕ್ಕಿಂತ ಕೆಳಗೆ ಬರಲೇ ಇಲ್ಲ. ಪರಿಹಾರ ಒಂದೇ ಪದ: ಡಿದರ್‌ಗೆ 0 ಕೊಡಿ.

ಈಗ ನಿಮ್ಮ ಕ್ವಾಲಿಟಿ ಪ್ರಶ್ನೆ. ಜಿಫ್‌ಗೆ ಕ್ವಾಲಿಟಿ ಅನ್ನುವುದೇ ಇಲ್ಲ. ಅದು ಜೆಪೆಗ್‌ನ ಮಾತು. ಪಿಲ್ಲೋ ಆ ಸಾಲನ್ನು ಓದಿ, ಏನೂ ಹೇಳದೆ ಬಿಟ್ಟುಬಿಡುತ್ತದೆ. 50 ಇಡಿ, 5 ಇಡಿ, ಅಷ್ಟೇ. ಆಪ್ಟಿಮೈಸ್ ಅನ್ನುವುದೂ ಬಳಕೆಯಾಗದ ಬಣ್ಣಗಳನ್ನು ಪಟ್ಟಿಯಿಂದ ತೆಗೆಯುತ್ತದೆ ಅಷ್ಟೇ, ಹೆಸರು ನೋಡಿ ಮೋಸ ಹೋಗಬೇಡಿ.

ನನ್ನನ್ನು ಕೇಳಿದರೆ ಜಿಫ್ ಇಳಿಸುವ ಕೆಲಸವೇ ಬೇಡ. 1987ರ ಫಾರ್ಮ್ಯಾಟ್ ಅದು. ಈ ಚೌಕ ಹತ್ತು ಪಿಕ್ಸೆಲ್ ಬಲಕ್ಕೆ ಹೋಯ್ತು ಅಂತ ಬರೆದುಕೊಳ್ಳಲು ವಿಡಿಯೋಗೆ ಗೊತ್ತು, ಜಿಫ್‌ಗೆ ಗೊತ್ತಿಲ್ಲ. 2014ರಲ್ಲಿ ಟ್ವಿಟರ್ ಜಿಫ್ ತೋರಿಸಲು ಶುರುಮಾಡಿದಾಗಲೇ ಒಳಗೊಳಗೆ ಅದನ್ನು ಎಂಪಿ4 ಮಾಡುತ್ತಿತ್ತು. ನಮ್ಮ ಆ 24 ಸೆಕೆಂಡನ್ನು ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಟೂಲ್‌ನಿಂದ ಎಂಪಿ4 ಮಾಡಿದೆ, 400 ಕೆಬಿ ಚಿಲ್ಲರೆ. ಪೇಜಿನ ಎಚ್‌ಟಿಎಂಎಲ್‌ನಲ್ಲಿ ವಿಡಿಯೋ ಟ್ಯಾಗ್‌ಗೆ ಆಟೋಪ್ಲೇ, ಲೂಪ್, ಮ್ಯೂಟೆಡ್, ಪ್ಲೇಸ್‌ಇನ್‌ಲೈನ್ ನಾಲ್ಕೂ ಹಾಕಿ. ಮ್ಯೂಟೆಡ್ ಮರೆತರೆ ಮೊಬೈಲಿನಲ್ಲಿ ತಾನಾಗಿ ಓಡದೇ ಇರಬಹುದು.

ಇಮೇಲ್‌ಗೆ ಜಿಫ್ಫೇ ಬೇಕು ಅಂದರೆ ಬೇರೆ ಮಾತು. ಆಗ ಮೊದಲು ಅಗಲ ಇಳಿಸಿ, ಆಮೇಲೆ ಬಣ್ಣ ಇಳಿಸಿ. ತಿರುಗಾಮುರುಗಾ ಮಾಡಿದರೆ ಅಂಚಿನಲ್ಲಿ ಹೊಸ ಬಣ್ಣಗಳು ಹುಟ್ಟುತ್ತವೆ. ನಡುವೆ ಫ್ರೇಮ್ ಬಿಟ್ಟರೆ ಡ್ಯುರೇಷನ್ (ಒಂದು ಫ್ರೇಮ್ ನಿಲ್ಲುವ ಸಮಯ) ಅಷ್ಟೇ ಪಟ್ಟು ಏರಿಸಿ. ನಾನು ಮರೆತು, ಮೌಸ್ ಬಾಣ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿತ್ತು. ಕೊನೆಗೆ ಜಿಫ್ ಕುಗ್ಗಿಸುವ ಜಿಫ್‌ಸಿಕಲ್ ಅನ್ನುವ ಟೂಲ್‌ನಲ್ಲಿ ಓ3 ಮತ್ತು ಲಾಸಿ 80 ಆಯ್ಕೆಗಳನ್ನು ಕೊಟ್ಟು ಒಂದು ಸುತ್ತು ಹಾಕಿ. 800 ಅಗಲ, 64 ಬಣ್ಣ, ಸೆಕೆಂಡಿಗೆ 10 ಫ್ರೇಮ್, ನನ್ನದು 1.3 ಎಂಬಿಗೆ ಬಂತು.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಕೋಡ್ ಹೊರಗೆ ಕೊಟ್ಟ ಜಿಫ್‌ನಿಂದ ಪಕ್ಕಪಕ್ಕದ ಎರಡು ಫ್ರೇಮ್ ತೆಗೆದು ಆರ್‌ಜಿಬಿ ಮಾಡಿ. ಪಿಲ್ಲೋದ ಇಮೇಜ್‌ಚಾಪ್ಸ್‌ನಿಂದ ವ್ಯತ್ಯಾಸ ತೆಗೆದು, ಬದಲಾದ ಚೌಕ ಎಷ್ಟು ಅಂತ ಹೇಳುವ ಗೆಟ್‌ಬಿಬಾಕ್ಸ್ ಪ್ರಿಂಟ್ ಮಾಡಿ. ಮೂಲ ಫೈಲಿಗೂ ಹಾಗೇ ಮಾಡಿ. ಎರಡು ಉತ್ತರಗಳನ್ನೂ ಇಲ್ಲಿ ಕಾಮೆಂಟಿನಲ್ಲಿ ಹಾಕಿ, ನೋಡೋಣ.