ಐದು ಚೀಟಿ, ನಮ್ಮವರು ಅನ್ನೋ ಡಾಕ್ಟರ್ ಒಬ್ಬರೂ ಇಲ್ಲ

(ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನಾನು ಕೌನ್ಸೆಲರ್. ಸರೋಜಮ್ಮನವರನ್ನು ನನ್ನ ಹತ್ತಿರ ಕರೆತಂದಿದ್ದು ಅವರ ಮಗಳು. ವಯಸ್ಸು 63, ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. "ಅಮ್ಮಂಗೆ ರಾತ್ರಿ ನಿದ್ದೆನೇ ಇಲ್ಲ ಮೇಡಂ. ಸುಮ್ನೆ ಏನೇನೋ ಯೋಚನೆ ಮಾಡ್ತಾರೆ. ನೀವು ಸ್ವಲ್ಪ ಧೈರ್ಯ ಹೇಳಿ" ಎಂದು ಹೇಳಿ ಮಗಳು ಹೊರಗೆ ಹೋಗಿ ಕೂತರು.

ಏನು ಯೋಚನೆ ಟೀಚರ್ ಎಂದು ಕೇಳಿದೆ. ಅವರು ಬಟ್ಟೆ ಅಂಗಡಿಯ ಕವರ್ ಒಂದನ್ನು ನನ್ನ ಮೇಜಿನ ಮೇಲೆ ಸುರಿದರು. ಐದು ಜನ ಡಾಕ್ಟರ ಚೀಟಿ, ಹದಿನಾಲ್ಕು ತರದ ಮಾತ್ರೆ. ಮಂಡಿಗೆ ಮೂಳೆ ಡಾಕ್ಟರು, ಬಿಪಿಗೆ ಹೃದಯದ ಡಾಕ್ಟರು, ಶುಗರ್‌ಗೆ ಒಬ್ಬರು, ಗ್ಯಾಸ್ಟ್ರಿಕ್‌ಗೆ ಒಬ್ಬರು. ಕಾಲು ಊದಿಕೊಂಡಾಗ ಮತ್ತು ಸೊಂಟ ಹಿಡಿದಾಗ ಪಕ್ಕದ ಬೀದಿಯ ಇನ್ನೊಬ್ಬರು. ಇದರ ಜೊತೆಗೆ ಚೀಟಿಯೇ ಇಲ್ಲದ ಒಂದು ನಿದ್ದೆ ಮಾತ್ರೆ, ಆಲ್ಪ್ರಜೋಲಾಮ್. ಪರಿಚಯದ ಮೆಡಿಕಲ್ ಶಾಪಿನವರು ಕೊಟ್ಟಿದ್ದಂತೆ. ಅದು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲದ ಔಷಧಿ, ಕೊಟ್ಟರೆ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಪರಿಚಯ ಇದ್ದರೆ ನಮ್ಮಲ್ಲಿ ಯಾವ ಪುಸ್ತಕ, ಬಿಡಿ.

ನಾನು ಡಾಕ್ಟರಲ್ಲ. ಆದರೆ ಓದೋಕೆ ಬರುತ್ತದೆ. ಎರಡು ಬೇರೆ ಹೆಸರಿನ ನೋವಿನ ಮಾತ್ರೆಗಳ ಹಿಂದೆ ಸಣ್ಣ ಅಕ್ಷರದಲ್ಲಿ ಒಂದೇ ಔಷಧಿ ಇತ್ತು: ಅಸಿಕ್ಲೋಫೆನಾಕ್. ಒಂದನ್ನು ಮೂಳೆ ಡಾಕ್ಟರು ಬರೆದಿದ್ದರು, ಇನ್ನೊಂದನ್ನು ಪಕ್ಕದ ಬೀದಿಯವರು. ಇವರು ದಿನಾ ಎರಡನ್ನೂ ನುಂಗುತ್ತಿದ್ದರು.

"ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಲಿಲ್ವಾ ಟೀಚರ್?"

"ಅಯ್ಯೋ, ಬೇರೆಯವರ ಹತ್ರಾನೂ ಹೋಗ್ತೀನಿ ಅಂದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ಳಲ್ವಾ?"

ಆಮೇಲೆ ನಿಧಾನವಾಗಿ ಇನ್ನೊಂದು ವಿಷಯ ಹೊರಬಂತು. ಅವರ ಮನೆಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಬ್ಬರೇ ಡಾಕ್ಟರು. ಮಕ್ಕಳ ಜ್ವರದಿಂದ ಯಜಮಾನರ ಕೊನೇ ದಿನದವರೆಗೂ ಅವರೇ. ನಾಲ್ಕು ವರ್ಷದ ಹಿಂದೆ ಆ ಡಾಕ್ಟರು ತೀರಿಕೊಂಡರು, ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. "ಅವರಿಗೆ ನಾನು ಏನೂ ಹೇಳೋದೇ ಬೇಕಿರಲಿಲ್ಲ" ಎಂದು ಅತ್ತರು. ಅಲ್ಲಿಂದ ಶುರುವಾಗಿದ್ದು ಈ ಅಲೆದಾಟ. ಬೆಂಗಳೂರಿನಲ್ಲಿರುವ ಮಗನದು ಬೇರೆ ಹಟ: ಬರೀ ಎಂಬಿಬಿಎಸ್ ಯಾಕೆ, ಪ್ರತಿಯೊಂದಕ್ಕೂ ಸ್ಪೆಷಲಿಸ್ಟ್ ಹತ್ತಿರವೇ ಹೋಗು.

ಧೈರ್ಯ ಹೇಳುವ ಕೆಲಸವನ್ನು ನಾನು ಬದಿಗಿಟ್ಟೆ. ಮೊದಲು ಒಬ್ಬ ಡಾಕ್ಟರನ್ನು ಹಿಡಿಯೋಣ ಎಂದೆ. ಯಾವ ಮಾತ್ರೆಯನ್ನೂ ನಾನಾಗಿ ನಿಲ್ಲಿಸಲು ಹೇಳಲಿಲ್ಲ. ನಿದ್ದೆ ಮಾತ್ರೆಯನ್ನಂತೂ ದಿಢೀರ್ ಅಂತ ಬಿಡಲೇಬಾರದು, ಅದು ಅಪಾಯ. ನೋವಿನ ಮಾತ್ರೆ ಎರಡೆರಡಾಗಿರುವುದನ್ನು ಮಾತ್ರ ಅವತ್ತೇ ಒಬ್ಬ ಡಾಕ್ಟರಿಗೆ ತೋರಿಸಬೇಕು ಎಂದು ಮಗಳಿಗೆ ಒತ್ತಿ ಹೇಳಿದೆ.

ಯಾರನ್ನು ಆರಿಸೋದು? ಬೋರ್ಡಿನ ಮೇಲಿನ ಡಿಗ್ರಿಗಳ ಉದ್ದ ನೋಡಬೇಡಿ ಎಂದೆ. ಆಟೋ ಇಲ್ಲದೆ ಹೋಗಿ ಬರುವಷ್ಟು ಹತ್ತಿರ ಇರಬೇಕು. ಚೀಟಿಯಲ್ಲಿ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಸಂಖ್ಯೆ ಇರಬೇಕು, ಅದು ನಿಯಮ. ಹೋದವರಿಗೆಲ್ಲ ಇಂಜೆಕ್ಷನ್, ಸುಸ್ತು ಅಂದವರಿಗೆಲ್ಲ ಡ್ರಿಪ್ ಹಾಕುವವರಾದರೆ ಬೇಡ. "ಇದು ನನ್ನ ಕೈಲಿ ಆಗಲ್ಲ, ಇಂಥವರ ಹತ್ತಿರ ಹೋಗಿ" ಎಂದು ಹೇಳಬಲ್ಲವರಾದರೆ ತುಂಬ ಒಳ್ಳೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಾದರೂ ಸರಿ, ಬಿಪಿ, ಶುಗರ್ ಮಾತ್ರೆ ಅಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಮೊದಲ ಭೇಟಿಗೆ ತಯಾರಿಯನ್ನೂ ಮಾಡಿಸಿದೆ. ಕವರ್ ಪೂರ್ತಿ ತೆಗೆದುಕೊಂಡು ಹೋಗಬೇಕು, ಅಡುಗೆಮನೆಯ ಚೂರ್ಣದ ಡಬ್ಬಿ ಕೂಡ. ಸಂಜೆ ಜಾತ್ರೆ ಥರ ರಶ್ ಇರುವಾಗ ಬೇಡ, ಬೆಳಗ್ಗೆ ಹೋಗಿ. ನಮ್ಮವರ ಒಂದು ಅಭ್ಯಾಸ ನೋಡಿ: ಮಂಡಿ ನೋವು, ಕೆಮ್ಮು ಎಲ್ಲ ಹೇಳಿ, ಎದ್ದು ಬಾಗಿಲ ಹತ್ತಿರ ಹೋದಮೇಲೆ "ಆಮೇಲೆ ಡಾಕ್ಟ್ರೇ..." ಅಂತ ಅಸಲು ವಿಷಯ ತೆಗೆಯುತ್ತಾರೆ. ನಾನೂ ಹಾಗೇ. ಅದಕ್ಕೆ ಟೀಚರ್ ಕೈಲಿ ಒಂದು ಹಾಳೆ ಬರೆಸಿದೆ. ಮೊದಲ ಸಾಲು: "ಒಂದು ವರ್ಷದಿಂದ ನಿದ್ದೆ ಇಲ್ಲ. ಐದು ಜನರ ಮಾತ್ರೆ ತಗೊಳ್ತಿದ್ದೀನಿ. ಯಾವುದು ಬೇಕು, ಯಾವುದು ಬೇಡ, ಹೇಳಿ." ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು.

ಮಗನ ಜೊತೆ ಫೋನಿನಲ್ಲಿ ಮಾತಾಡಿದೆ. ಮೊದಲು ಅವರು ಒಪ್ಪಲಿಲ್ಲ. "ಸ್ಪೆಷಲಿಸ್ಟ್ ಬೇಡ ಅಂತಲ್ಲ ಸರ್. ಈ ಐದು ಚೀಟಿಯನ್ನೂ ಒಟ್ಟಿಗೆ ಇಟ್ಟು ನೋಡೋರು ಯಾರು?" ಎಂದಾಗ ಸುಮ್ಮನಾದರು.

ಟೀಚರ್ ಆರಿಸಿದ್ದು ಎರಡು ಬೀದಿ ಆಚೆಯ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರನ್ನು. ಆಕೆ ಟೀಚರ್ ಬರೆದ ಹಾಳೆಯ ಹಿಂದೆಯೇ ಬಾಣ ಎಳೆದು ತೋರಿಸಿದರಂತೆ. ಎರಡೆರಡು ನೋವಿನ ಮಾತ್ರೆಯಿಂದ ಬಿಪಿ ಏರಿರಬಹುದು. ಬಿಪಿ ಏರಿತು ಅಂತ ಹೃದಯದ ಡಾಕ್ಟರು ಆಮ್ಲೋಡಿಪಿನ್ ಜಾಸ್ತಿ ಮಾಡಿದರು. ಅದರಿಂದ ಕಾಲು ಊದಿತು. ಊತಕ್ಕೆ ಪಕ್ಕದ ಬೀದಿಯವರು ಮೂತ್ರ ಹೋಗುವ ಮಾತ್ರೆ ಕೊಟ್ಟರು, ಇವರು ಅದನ್ನು ರಾತ್ರಿ ಊಟ ಆದಮೇಲೆ ನುಂಗುತ್ತಿದ್ದರು. ರಾತ್ರಿ ನಾಲ್ಕೈದು ಸಲ ಏಳಬೇಕು, ನಿದ್ದೆ ಎಲ್ಲಿಂದ ಬರಬೇಕು? ಅದಕ್ಕೊಂದು ನಿದ್ದೆ ಮಾತ್ರೆ. ಐವರೂ ತಮ್ಮ ಮಟ್ಟಿಗೆ ಕಂಡಿದ್ದಕ್ಕೇ ಔಷಧಿ ಕೊಟ್ಟಿದ್ದರು. ನಾನು ಇದನ್ನು ಮನಸ್ಸಿನ ಕಾಯಿಲೆ ಅಂತ ತಿಂಗಳುಗಟ್ಟಲೆ ಮಾತಾಡಿಸುತ್ತಾ ಕೂರುತ್ತಿದ್ದೆನೋ ಏನೋ.

ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಬಂತು. ನೋವಿನ ಮಾತ್ರೆ ನಿಂತಿತು, ಹೃದಯದ ಡಾಕ್ಟರಿಗೆ ಆಕೆಯೇ ಒಂದು ಪತ್ರ ಬರೆದರು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಹದಿನಾಲ್ಕು ಮಾತ್ರೆ ಏಳಾಯಿತು.

ನಾಲ್ಕನೇ ಸಲ ಬಂದಾಗ ಟೀಚರ್ ಕೈಲಿ ಕವರ್ ಇರಲಿಲ್ಲ, ತೆಳ್ಳನೆಯ ಒಂದು ಫೈಲ್ ಇತ್ತು. ನಿದ್ದೆ ಮಾತ್ರೆ ಅರ್ಧಕ್ಕೆ ಇಳಿದಿತ್ತು, ಪೂರ್ತಿ ಬಿಡಲು ಇನ್ನೂ ಸಮಯ ಬೇಕು. ಹಳೇ ಡಾಕ್ಟರ ನೆನಪು ಈಗಲೂ ಬರುತ್ತದಂತೆ. ಹೊಸಬರು ಹೇಗೆ ಎಂದು ಕೇಳಿದೆ.

"ಒಳ್ಳೆ ಹುಡುಗಿ. ಆದ್ರೆ ಒಂದ್ ಸೂಜಿನೂ ಹಾಕಲ್ಲ ಮೇಡಂ" ಎಂದು ದೂರಿದರು.